ಬದುಕಿರುವವರ ಸಂಗೀತ

ಎರಡು ವಯಲಿನ್, ಒಂದು ವಯೋಲ, ಒಂದು ಚೆಲ್ಲೊ ನುಡಿಸುವ ಆ ನಾಲ್ವರ ತಂಡಕ್ಕೆ ಒಂದೇ ನಿಯಮ: ಬದುಕಿರುವವರು ಬರೆದ ಸಂಗೀತವನ್ನಷ್ಟೇ ನುಡಿಸುವುದು. ಹದಿನಾಲ್ಕು ವರ್ಷ ಕಾಯಿಸಿ, ಕೊನೆಗೂ ಸಂಗೀತ ರಚನೆಕಾರ ಗಿಲ್ಬರ್ಟನ ಕೃತಿಯನ್ನು ಒಪ್ಪಿಕೊಂಡು ಶನಿವಾರಕ್ಕೆ ಕಛೇರಿ ಗೊತ್ತುಮಾಡಿದ್ದರು. ಅಷ್ಟರಲ್ಲಿ ಅವನನ್ನು ಆಸ್ಪತ್ರೆಯಲ್ಲಿ ವೆಂಟಿಲೇಟರ್‌ಗೆ ಹಾಕಬೇಕಾಯಿತು.

"ಗುಣವಾಗೋ ಕಾಯಿಲೆ ಅಲ್ಲಮ್ಮ. ತುಂಬಾ ಹಿಂಸೆ ಪಡ್ತಿದಾರೆ. ವೆಂಟಿಲೇಟರ್ ತೆಗೆಯೋಕೆ ಒಪ್ಪಿಕೊಳ್ಳಿ," ಎಂದರು ಡಾಕ್ಟರು.

"ಶನಿವಾರ ಕಳೀಲಿ ಡಾಕ್ಟ್ರೇ," ಎಂದಳು ಹೆಂಡತಿ ಐರಿನ್.

ಗಿಲ್ಬರ್ಟ್ ಒಂದು ಚೀಟಿ ಬರೆದ: 'ಕಛೇರಿ ಬೇಡ. ನನ್ನನ್ನು ಬಿಟ್ಟುಬಿಡು.' ಅಂದು ಸಂಜೆ ಗಂಟಲಿನ ಕೊಳವೆ ಕಿತ್ತುಕೊಳ್ಳಲು ನೋಡಿದ.

"ನಾಲ್ಕೇ ದಿನ ರೀ, ತಡ್ಕೊಳ್ಳಿ," ಎಂದು ಗಂಡನಿಗೆ ಹೇಳಿ, ಅವಳು ನರ್ಸಿನಿಂದ ಅವನ ಕೈಗಳನ್ನು ಮಂಚಕ್ಕೆ ಕಟ್ಟಿಸಿದಳು.

ಶನಿವಾರ ಬೆಳಿಗ್ಗೆ ತಂಡದ ಮುಖ್ಯಸ್ಥೆ ಫೋನ್ ಮಾಡಿದರು. ಚೆಲ್ಲೊ ನುಡಿಸುವವರು ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಾರೆ, ಕಛೇರಿ ಎರಡು ತಿಂಗಳು ಮುಂದಕ್ಕೆ ಹೋಗಿದೆ ಎಂದರು.

ಸ್ವಲ್ಪ ಹೊತ್ತಿಗೆ ಡಾಕ್ಟರು ಕಾಗದ ಹಿಡಿದು ಬಂದರು. "ಇವತ್ತು ಶನಿವಾರ ಅಲ್ವೇನಮ್ಮ? ಸಹಿ ಹಾಕ್ತೀರಾ?"

ಐರಿನ್ ಗಂಡನ ಮುಖ ನೋಡಿದಳು. ಅವನು ಕಣ್ಣಲ್ಲೇ ಬೇಡುತ್ತಿದ್ದ.

"ಇನ್ನೆರಡು ತಿಂಗಳು ಇರಲಿ ಡಾಕ್ಟ್ರೇ," ಎಂದಳು.