ಕೆಂಪು ಬಟ್ಟೆಯ ಕಂದೀಲು

ಮುನೀರೋದ್ದೀನ ಮಾಸ್ತರರನ್ನು ಕಾಲೇಜಿನ ಮೆಟ್ಟಿಲ ಮೇಲೆ ಹಾಡಹಗಲೇ ಕೊಂದರು. ಎರಡು ದಿನ ಶವ ಎತ್ತಲು ಬಿಡಲಿಲ್ಲ.

ಪೊಲೀಸ್ ಕಾರ್ಯಾಚರಣೆ ಮುಗಿದು ಹದಿನೈದು ದಿನವಾಗಿತ್ತು. ನಿಜಾಮನ ಆಳ್ವಿಕೆ ಉರುಳಿತ್ತು. ಬೀದರಿನ ಓಣಿಗಳಲ್ಲಿ ಸೇಡು ಮಾತ್ರ ಇನ್ನೂ ತಿರುಗುತ್ತಿತ್ತು. ಮಾಸ್ತರರ ಮೇಲಿನ ಆರೋಪ ಒಂದೇ: ಹುಡುಗರಿಗೆ ಗ್ರಹ ತೋರಿಸಲೆಂದು ಕಾಲೇಜಿನ ಮಾಳಿಗೆಯ ಮೇಲೆ ಕಟ್ಟಿದ್ದ ದುರ್ಬೀನಿನ ಕೋಣೆಯಿಂದ ಕೆಂಪು ದೀಪ ಎತ್ತಿ ನಿಜಾಮನ ಕಡೆಯ ರಜಾಕಾರರಿಗೆ ಸನ್ನೆ ಮಾಡಿದರು. ಅದನ್ನು ಕಂಡವನು, ಕಂಡು ಊರಿಗೆಲ್ಲ ಸಾರಿದವನು ಕಿರಾಣಿ ಅಂಗಡಿಯ ಮಡೆಪ್ಪ.

ವಿಚಾರಣೆಗೆ ಬಂದ ಅಧಿಕಾರಿಗೆ ಕೊಂದವರ ಹೆಸರು ಬೇಕಿರಲಿಲ್ಲ. ಸತ್ತವರ ತಪ್ಪು ಬೇಕಿತ್ತು. ಅದಕ್ಕೆ ಎರಡನೆಯ ಸಾಕ್ಷಿ ಬೇಕಿತ್ತು. ಮಡೆಪ್ಪ ತನ್ನ ಮಗಳು ಗಿರಿಜಾಬಾಯಿಯನ್ನು ಕರೆತಂದ. ಕಾಲೇಜಿನ ಗೋಡೆಗೆ ಅಂಟಿದ ಸೋದರತ್ತೆಯ ಮನೆಗೆ ಅವಳು ದಿನಾ ಸಂಜೆ ಹೋಗುತ್ತಿದ್ದಳು, ಕಂಡೇ ಇರುತ್ತಾಳೆ ಎಂಬುದು ಅವನ ಲೆಕ್ಕ. ಕೊಲೆಯಾದ ದಿನದಿಂದ ಅವಳು ಸರಿಯಾಗಿ ಉಂಡಿರಲಿಲ್ಲ. ಕೂಸು ಹೆದರಿದೆ, ಅಂದುಕೊಂಡಿದ್ದ.

ವಿಚಾರಣೆಯ ಕೋಣೆಯ ಮೂಲೆಯಲ್ಲಿ ಮಾಸ್ತರರ ಹೆಂಡತಿ ಶಾಕಿರಾ ಬೇಗಂ ಕುಳಿತಿದ್ದಳು. ಗಂಡ ಗದ್ದಾರ, ದ್ರೋಹಿ ಎಂದು ಕಾಗದದಲ್ಲಿ ದಾಖಲಾದರೆ ಕಾಲೇಜು ಕೊಟ್ಟ ಮನೆ ನಾಳೆಗೇ ಖಾಲಿ.

"ಚುಕ್ಕಿ ನೋಡೋರು ಬಿಳಿ ಬೆಳಕಿನಾಗ ಬರಿಯಂಗಿಲ್ರಿ ಸಾಹೇಬ್ರ, ಕಣ್ಣು ಮಬ್ಬಾಗ್ತಾವ. ಅದಕ್ಕಂತ ಕಂದೀಲಿಗೆ ಕೆಂಪು ಬಟ್ಟಿ," ಅಂದಳು ಬೇಗಂ.

"ದುರ್ಬೀನಿಗೆ ಕಣ್ಣು ಹಚ್ಚಿದಾಂವ ಬರಿಯೋದು ಹ್ಯಾಂಗ್ರಿ?" ಅಧಿಕಾರಿ ನಕ್ಕ. "ದೀಪ ಹಿಡದು ಬರಕೊಳ್ಳಾಂವ ಇನ್ನೊಬ್ಬ ಇರಬೇಕಲ್ಲ. ಅವನ ಹೆಸರು ಹೇಳ್ರಿ, ನಿಮ್ಮ ಮನಿ ನಿಮಗ."

ಬೇಗಂ ಎದುರಿಗಿದ್ದ ತಂದೆ-ಮಗಳನ್ನು ಒಮ್ಮೆ ನೋಡಿದಳು.

"ನಂಗ ಗೊತ್ತಿಲ್ರಿ," ಅಂದಳು.

"ಅಂಥಾಂವ ಇದ್ರಲ್ಲ ಹೇಳಾಕ!" ಅಂದ ಮಡೆಪ್ಪ.

ಅಧಿಕಾರಿ ಗಿರಿಜಾಳತ್ತ ತಿರುಗಿದ. "ದೀಪ ನೋಡೀಯೇನವಾ?"

"ನೋಡೀನ್ರಿ."

"ಎಷ್ಟು ಸಲ ಎತ್ತಿದ್ರು?"

"ನಾಕು ಸಲರಿ."

ಮಡೆಪ್ಪ ಹೇಳಿದ್ದೂ ನಾಲ್ಕೇ. ಅವನು ಎದೆ ಉಬ್ಬಿಸಿದ. ಅಧಿಕಾರಿ ಕಾಗದ ಮುಂದೆ ತಳ್ಳಿದ.

"ಮಾಡವಾ ಸಹಿ," ಮಡೆಪ್ಪ ಮಗಳ ಬೆನ್ನು ಸವರಿದ. "ಊರ ಮುಂದ ನಿಮ್ಮಪ್ಪನ ಮಾತು ಉಳಸು."

ಗಿರಿಜಾ ಲೇಖನಿ ಮುಟ್ಟಲಿಲ್ಲ.

"ಮಾಡಂಗಿಲ್ಲಪ್ಪ. ಅತ್ತಿ ಮನಿಗಂತ ಸುಳ್ಳು ಹೇಳಿ ಮಾಸ್ತರ ಕಡಿ ಚುಕ್ಕಿ ಪಾಠಕ್ಕ ಹೋಗ್ತಿದ್ದೆ. ನಾಕು ಸಲ ಬರಕೊಂಡೆ, ನಾಕು ಸಲ ಎತ್ತಿದೆ. ಆ ದೀಪ ಹಿಡದಾಕಿ ನಾನು."