ಮಾಯವ್ವನ ಕಿಟಕಿ

ಮನೆಯಲ್ಲಿರುವ ಪ್ರತಿಯೊಬ್ಬರಿಗೂ ಅವರವರ ಕಣ್ಣಿನ ಎತ್ತರಕ್ಕೆ ಒಂದು ಕಿಟಕಿ ಇರಲೇಬೇಕೆಂಬ ಕಾನೂನು ಬಂದ ಮೇಲೆ ಗೋಡೆಗಳೂ ಅದಕ್ಕೆ ಪಳಗಿಬಿಟ್ಟವು. ಮಕ್ಕಳ ವಯಸ್ಸು ಹೆಚ್ಚಿದಂತೆ ಅವರ ಕಿಟಕಿ ತಾನಾಗಿಯೇ ಮೇಲೇರುತ್ತಿತ್ತು.

ಯಮನವ್ವನಿಗೂ ಅಂಥ ಮನೆ ಸಿಕ್ಕಿತು, ಆದರೆ ತಡವಾಗಿ. ಗಾಳಿ ಸಾಲದೆಂದು ಒಮ್ಮೆ, ಮೆಟ್ಟಿಲು ಕಡಿದಾಯಿತೆಂದು ಒಮ್ಮೆ, ಬಿಸಿಲು ಓರೆಯಾಗಿ ಬೀಳುತ್ತದೆಂದು ಮತ್ತೊಮ್ಮೆ ಸರಕಾರಿ ಕಚೇರಿಯ ಸಾಹೇಬರು ಕಟ್ಟಿದ್ದನ್ನು ಕೆಡವಿಸಿದರು. ಅಷ್ಟೂ ಕಾಲ ಅವಳ ಸಂಸಾರ ಎದುರಿನ ತಗಡಿನ ಶೆಡ್ಡಿನಲ್ಲಿತ್ತು. ಆ ಮಳೆಗಾಲದ ತಂಡಿಗೆ ಪುಟ್ಟ ಮಗಳು ಮಾಯವ್ವ ಕೆಮ್ಮಿ ಕೆಮ್ಮಿ ತೀರಿಕೊಂಡಳು. ದೀಪಾವಳಿಗೆ ಬೀಗದ ಕೈ ಬಂತು.

ಮನೆಗೆ ಕುಂದು ಹೇಳುವಂತಿಲ್ಲ. ಒಂದು ಹನಿ ಸೋರಿಲ್ಲ, ಗೋಡೆ ತೇವ ಹಿಡಿದಿಲ್ಲ, ಯಾರೂ ಕೆಮ್ಮಿಲ್ಲ. ಮಾಯವ್ವನ ಕಿಟಕಿ ಆಗ ತಾಯಿಯ ಸೊಂಟದ ಎತ್ತರಕ್ಕಿತ್ತು. ಮಗಳು ಹೋದಳೆಂದು ಯಮನವ್ವ ಕಚೇರಿಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಅದನ್ನು ಮುಚ್ಚಿಬಿಡುತ್ತಿದ್ದರು.

ಈ ವರ್ಷ ತಪಾಸಣೆಗೆ ಹೊಸ ಸಾಹೇಬರು ಬಂದರು. ಈಗ ತಾಯಿಯ ಭುಜದ ಮಟ್ಟಕ್ಕೇರಿದ್ದ ಆ ಕಿಟಕಿಯನ್ನು ಟೇಪು ಹಿಡಿದು ಅಳೆದರು.

“ಮಗಳು ಚಲೋ ಬೆಳದಾಳ ನೋಡ್ರಿ ಯಕ್ಕಾ. ಸಾಲಿಗೆ ಹೋಗ್ಯಾಳೇನು?”

“ಹೌದ್ರಿ,” ಎಂದಳು ಯಮನವ್ವ. “ಈ ಮನ್ಯಾಗ ಚಲೋ ಬೆಳದಾಳ್ರಿ.”

ಅವರು ಹೋದ ಮೇಲೆ ಸೆರಗಿನಿಂದ ಗಾಜು ಒರೆಸಿದಳು. ಮೊದಲೆಲ್ಲ ಅದರಲ್ಲಿ ನೋಡಲು ನೆಲಕ್ಕೆ ಮಂಡಿಯೂರಬೇಕಿತ್ತು; ಈಗ ತುಸು ಬಾಗಿದರೆ ಸಾಕು. ಎದುರಿನ ಶೆಡ್ಡಿನಲ್ಲಿ ಇನ್ನೊಂದು ಸಂಸಾರ ತನ್ನ ಮನೆಗಾಗಿ ಕಾಯುತ್ತಿತ್ತು. ಬಾಗಿಲಲ್ಲಿ ಒಂದು ಮಗು ಎದೆ ಹಿಡಿದುಕೊಂಡು ಕೆಮ್ಮುತ್ತಿತ್ತು.

ಗಾಜು ಬಹಳ ಒಳ್ಳೆಯದು. ಸದ್ದು ಒಳಗೆ ಬರಲಿಲ್ಲ.