ಖಾಲಿ ಕಣ

ಹೆಲಿಕಾಪ್ಟರಿನ ಸದ್ದು ಬದಲಾದಾಗ ಮೈಲೇಶ ಮೊದಲು ನೋಡಿದ್ದು ಮುಗಿಲಿನ ಕಡೆಗಲ್ಲ, ಕಣದಲ್ಲಿ ಮೆಣಸಿನಕಾಯಿ ಹೊರಳಿಸುತ್ತಿದ್ದ ಅವ್ವನ ಕಡೆಗೆ. ಮೋಟೆಬೆನ್ನೂರಿನಾಚೆ ದಾರಿಯಿಲ್ಲದ ಗುಡ್ಡದ ನೆತ್ತಿಗೆ ಕರೆಂಟಿನ ಟವರಿನ ಕಬ್ಬಿಣವನ್ನು ಹಗ್ಗಕ್ಕೆ ತೂಗಿಬಿಟ್ಟುಕೊಂಡು ಒಯ್ಯುವ ಹೆಲಿಕಾಪ್ಟರ್ ಅದು. ಅದು ಹಾಯುವ ಹಾದಿಯ ಕೆಳಗೆ ಯಾರೂ ಇರದಂತೆ ಕಾಯುವುದು ಮೈಲೇಶನ ಕೆಲಸ. ಕೊರಳಲ್ಲಿ ಸೀಟಿ, ಕೈಯಲ್ಲಿ ವಾಕಿಟಾಕಿ. ಬೆಳಿಗ್ಗೆಯಿಂದ ಸುತ್ತಲಿನ ಹೊಲದವರನ್ನೆಲ್ಲ ಸೀಟಿ ಊದಿ ಓಡಿಸಿದವನು ಅವ್ವ ಭರಮವ್ವನ ಮುಂದೆ ಮಾತ್ರ ಸೋತಿದ್ದ.

"ರಾತ್ರಿ ಇಬ್ಬನಿ ಬಿದ್ದೇತಿ. ಈಗ ಹೊರಳಸಲಿಲ್ಲಂದ್ರ ಕಾಯಿ ಬೆಳ್ಳಗ ಆಕ್ಕಾವ. ನಿನ್ನ ಹೆಲಿಕಾಪ್ಟರ್ ಇಳದು ಬಂದು ಹೊರಳಸ್ತೈತೇನು?"

"ಅವ್ವಾ, ಯಾರೂ ಇರಬಾರದಂತ ಹೇಳ್ಯಾರ."

"ಊದು ನೋಡೋಣು ಸೀಟಿ, ಹಡದ ತಾಯಿ ಮ್ಯಾಲ!"

ಅವನು ಊದಿರಲಿಲ್ಲ. ಐದು ನಿಮಿಷದ ಮಾತು ಎಂದುಕೊಂಡು ವಾಕಿಟಾಕಿಯಲ್ಲಿ "ಕಣ ಖಾಲಿ ಐತ್ರಿ" ಎಂದಿದ್ದ.

ಈಗ ಎಂಜಿನ್ ಎರಡು ಸಲ ಕೆಮ್ಮಿ ಹೊಗೆ ಕಾರಿತು. ಹೆಲಿಕಾಪ್ಟರ್ ಕುಸಿಯುತ್ತ ಕುಸಿಯುತ್ತ ಕಣದ ಮೇಲೆಯೇ ಬಂತು. ಅದರ ಗಾಳಿಗೆ ಮೆಣಸಿನಕಾಯಿ ದಿಕ್ಕಾಪಾಲಾಗಿ ಹಾರಿದವು. ಭರಮವ್ವ ಎರಡೂ ಕೈ ತಲೆಯ ಮೇಲಿಟ್ಟು ಕುಕ್ಕರುಗಾಲಲ್ಲಿ ಕೂತಳು. ಕಬ್ಬಿಣದ ಹೊರೆ ಅವಳ ನೆತ್ತಿಯ ಮೇಲೆ ತೂಗಾಡುತ್ತ ದಾಟಿಹೋಯಿತು. ಪೈಲಟ್ ಹಗ್ಗ ಕಳಚಿದ್ದು ಆಚೆಯ ಜೋಳದ ಕೂಳೆ ಹೊಲ ಬಂದ ಮೇಲೆ. ಅಷ್ಟೊತ್ತಿಗೆ ಎಲ್ಲ ಕೈಮೀರಿತ್ತು. ಹೆಲಿಕಾಪ್ಟರ್ ಮಗ್ಗುಲಾಗಿ ನೆಲಕ್ಕೆ ಬಡಿಯಿತು.

ಪೈಲಟ್ ಸಾಯಲಿಲ್ಲ. ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಬಾಯಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದ. ಮಾತಿರಲಿಲ್ಲ.

ವಿಚಾರಣೆಗೆ ಅಧಿಕಾರಿ ಬರುವ ದಿನ ಮೈಲೇಶ ಅವ್ವನಿಗೆ ಹೇಳಿದ: "ನೀ ಆವತ್ತು ಮನ್ಯಾಗ ಇದ್ದಿ. ತಿಳೀತ? ಇಲ್ಲಂದ್ರ ಕೆಲಸಾನೂ ಹೊಕ್ಕೇತಿ, ಪೊಲೀಸರೂ ಬರ್ತಾರ."

"ಆ ಹೆಲಿಕಾಪ್ಟರ್ ಹುಡುಗ ನನ್ನ ನೋಡ್ಯಾನ. ನಾನೂ ಅವನ ಮಾರಿ ನೋಡೇನಿ."

"ಮಾತು ಬಂದ ಮ್ಯಾಲ ತಾನ ಹೇಳ್ತಾನ, ಬಿಡು."

"ಬರಲಿಲ್ಲಂದ್ರ?"

ಮೈಲೇಶ ಅಂಗಿ ತೊಟ್ಟು ಹೊರಟ.

ಬೆಂಗಳೂರಿನಿಂದ ಬಂದ ಅಧಿಕಾರಿ ನಂದಿತಾ ಕಣದ ಅಂಚಿನಲ್ಲಿ ನಿಂತು ಕಣ್ಣಳತೆಯಲ್ಲೇ ದೂರ ನೋಡಿದಳು. "ಎಂಜಿನ್ ಕೈಕೊಟ್ಟಿದ್ದು ಯಂತ್ರದ ದೋಷ, ಅದರಲ್ಲಿ ಅನುಮಾನ ಇಲ್ಲ. ಆದರೆ ಕೈಕೊಟ್ಟ ತಕ್ಷಣ ಹೊರೆ ಬಿಟ್ಟುಬಿಡಬೇಕು. ಬಿಟ್ಟಿದ್ದರೆ ಹಗುರಾಗಿ ಇಳಿಸಬಹುದಿತ್ತು. ಕೆಳಗೆ ಖಾಲಿ ಕಣ. ಆದರೂ ಪೈಲಟ್ ಹೊತ್ಕೊಂಡೇ ಹೋಗಿದ್ದಾರೆ. ಗಾಬರಿಯಾಗಿ ತಪ್ಪು ಮಾಡಿದ್ರು ಅಂತ ಬರೀಬೇಕಾಗುತ್ತೆ. ಇನ್ನು ಅವರನ್ನ ಯಾರೂ ಹಾರೋಕೆ ಬಿಡಲ್ಲ." ಆಮೇಲೆ ತಿರುಗಿ ಕೇಳಿದಳು: "ಖಾಲಿ ಇತ್ತು ತಾನೇ, ಮೈಲೇಶ್?"

"ಇತ್ತರಿ ಮೇಡಂ."

ಬದುವಿನ ಮೇಲೆ ನಿಂತಿದ್ದ ಭರಮವ್ವ ಚಪ್ಪಲಿ ಬಿಟ್ಟು ಕಣಕ್ಕೆ ಇಳಿದಳು. ಕಾಯಿ ತುಳಿಯದಂತೆ ಸಾಲುಗಳ ನಡುವೆ ಕಾಲಿಡುತ್ತ ನಟ್ಟನಡುವೆ ಹೋಗಿ, ಎರಡೂ ಕೈ ತಲೆಯ ಮೇಲಿಟ್ಟು ಕುಕ್ಕರುಗಾಲಲ್ಲಿ ಕೂತಳು. ನಂದಿತಾ ಅವಳನ್ನು ನೋಡಿದಳು. ಅವಳ ನೆತ್ತಿಯ ಮೇಲಿನ ಬರಿಯ ಮುಗಿಲನ್ನು ನೋಡಿದಳು. ಅಲ್ಲಿಂದ ನೇರ ಗೆರೆ ಎಳೆದಂತೆ, ಕೂಳೆ ಹೊಲದಲ್ಲಿ ತಾಡಪತ್ರಿ ಹೊದ್ದು ಬಿದ್ದಿದ್ದ ಹೆಲಿಕಾಪ್ಟರನ್ನು ನೋಡಿದಳು.

"ಏನಮ್ಮಾ ಇದು?"

"ನನ್ನ ಯಾಕ ಕೇಳ್ತೀರಿ? ಕಾಯಾಕ ಇಟ್ಟದ್ದು ಅವನ್ನ. ಅವನ್ನ ಕೇಳ್ರಿ."

ನಂದಿತಾ ಮೈಲೇಶನ ಕಡೆ ತಿರುಗಿದಳು. ಅವ್ವ ಸುಮ್ಮನೆ ಕಾಯಿ ಆರಿಸಲು ಕೂತಿದ್ದಾಳೆ ಎಂದುಬಿಡಬಹುದಿತ್ತು. ಆ ಮಾತು ನಾಲಿಗೆಯ ತುದಿಯವರೆಗೂ ಬಂತು.

"ಅವ್ವ ಅಲ್ಲೇ ಇದ್ಲರಿ," ಎಂದ, ತನ್ನ ಕಾಲ್ಬೆರಳಿಗೆ ಹೇಳುವವನಂತೆ. "ಒಳಗ ಬಿಟ್ಟಾಂವ ನಾನ."

ತಲೆಯ ಮೇಲಿನ ಕೈ ತೆಗೆಯದೆ ಭರಮವ್ವ ಕೂತಲ್ಲಿಂದಲೇ ಕೂಗಿದಳು:

"ಜೋರಾಗಿ ಹೇಳೋ! ರಾಣೆಬೆನ್ನೂರತನಕ ಕೇಳಬೇಕು."